ದೊಡ್ಡ ಅಡ್ವೆಂಚರ್ ಬೈಕ್: 1300 ಜಿಎಸ್, ಟೈಗರ್ 900, ವಿ-ಸ್ಟ್ರಾಮ್ 800 ಅಥವಾ ಹಳೇ ಆಫ್ರಿಕಾ ಟ್ವಿನ್, ಯಾವುದು ತಗೊಳ್ಳಲಿ?

ತುಂಗಾ_ತೀರ

ನಮಸ್ಕಾರ ಎಲ್ಲರಿಗೂ. ಸದ್ಯಕ್ಕೆ ನನ್ನ ಹತ್ತಿರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಇದೆ. ಒಬ್ಬನೇ ಓಡಿಸುವಾಗ ಅದರ ಬಗ್ಗೆ ಒಂದೂ ತಕರಾರಿಲ್ಲ. ಆದರೆ ಬೆಂಗಳೂರಿಂದ ತೀರ್ಥಹಳ್ಳಿಗೆ ಹೆಂಡತಿ ಜೊತೆ, ಎರಡೂ ಕಡೆ ಬಾಕ್ಸ್ ತುಂಬಿಕೊಂಡು ಹೊರಟರೆ ಕಥೆ ಬೇರೆ. ಅರಸೀಕೆರೆ, ಕಡೂರು ಕಡೆ ಒಂದು ಲಾರಿ ಹಿಂದೆ ಹಾಕಬೇಕಾದರೂ ಎರಡು ಗೇರ್ ಇಳಿಸಬೇಕು. 40 ಎಚ್‌ಪಿಯಲ್ಲಿ ಅಷ್ಟೇ ಆಗೋದು, ಗೊತ್ತು.

ನನ್ನ ಎತ್ತರ 5 ಅಡಿ 7 ಇಂಚು. ಬಜೆಟ್ ಆನ್ ರೋಡ್ 20 ಲಕ್ಷ. ಮನಸ್ಸು ತಡೆಯದಿದ್ದರೆ 25. ಪಟ್ಟಿಯಲ್ಲಿ ನಾಲ್ಕು ಗಾಡಿ ಇವೆ: ಬಿಎಂಡಬ್ಲ್ಯೂ ಆರ್ 1300 ಜಿಎಸ್, ಟ್ರಯಂಫ್ ಟೈಗರ್ 900 ರ‍್ಯಾಲಿ ಪ್ರೊ, ಸುಜುಕಿ ವಿ-ಸ್ಟ್ರಾಮ್ 800 ಡಿಇ, ಸೆಕೆಂಡ್ ಹ್ಯಾಂಡ್‌ನಲ್ಲಿ ಹೋಂಡಾ ಆಫ್ರಿಕಾ ಟ್ವಿನ್. ಮುಂದೆ ಒಂದು ಸಲ ಲಡಾಖ್‌ಗೂ ಹೋಗುವ ಆಸೆ ಇದೆ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಇಟ್ಟುಕೊಂಡು ಓಡಿಸಿದವರು ಹೇಳಿ.

ಹುಬ್ಳಿ_ಹೈವೇ

ಮೊದಲಿಗೆ ಒಂದು ಕಹಿ ಮಾತು ಹೇಳಿಬಿಡ್ತೀನಿ. ನಾಲ್ಕು ಪಥದ ಹೈವೇಯಲ್ಲಿ ಬೈಕ್‌ಗೆ ಇರುವ ಮಿತಿ ಗಂಟೆಗೆ 80 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳನ್ನು ಬಿಡುತ್ತಲೇ ಇಲ್ಲ. ನಿಮ್ಮ 145 ಎಚ್‌ಪಿ 1300 ಜಿಎಸ್ ಸರ್ವಿಸ್ ರೋಡಲ್ಲಿ ಆಟೋ, ಟ್ರ್ಯಾಕ್ಟರ್ ಹಿಂದೆಯೇ ಹೋಗಬೇಕು ಸರ್.

ಇನ್ನು ದುಡ್ಡು. 350 ಸಿಸಿ ಮೇಲಿನ ಬೈಕ್‌ಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40. ಮುಂಚೆ ಸೆಸ್ ಸೇರಿ ಶೇ 31 ಇತ್ತು. ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟೈಮ್ ಟ್ಯಾಕ್ಸ್ ಶೇ 18, ಆ ಟ್ಯಾಕ್ಸ್ ಮೇಲೆ ಮತ್ತೆ ಸೆಸ್. 1300 ಜಿಎಸ್ ಇಲ್ಲಿ 2024ರ ಜೂನ್‌ನಲ್ಲಿ ಬಂದಾಗ ಎಕ್ಸ್ ಶೋರೂಂ 20.95 ಲಕ್ಷ ಇತ್ತು. ಆ ಬೆಲೆಗೇ ಲೆಕ್ಕ ಹಾಕಿದರೂ ರೋಡ್ ಟ್ಯಾಕ್ಸ್ ಒಂದೇ 3.77 ಲಕ್ಷ ಆಗುತ್ತದೆ. ನಮ್ಮಲ್ಲಿ ಆ ಟ್ಯಾಕ್ಸ್ ದುಡ್ಡಿಗೆ ಇನ್ನೊಂದು ಹಿಮಾಲಯನ್ ಬರುತ್ತದೆ!

ನನ್ನದು 650 ಸಿಸಿ ಟ್ವಿನ್, ಅಂದರೆ ಎರಡು ಸಿಲಿಂಡರ್. ಹುಬ್ಬಳ್ಳಿ–ಬೆಂಗಳೂರು ಓಡಾಟಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಕುಡ್ಲ_ಟ್ವಿನ್

ಹುಬ್ಬಳ್ಳಿಯವರು ಬಂದ ತಕ್ಷಣ ತಣ್ಣೀರು ಹಾಕಿದರಲ್ಲ ಮಾರಾಯ್ರೆ.

ನನ್ನ ಹತ್ತಿರ ಇರುವುದು ಮೊದಲು ಬಂದ ಆಫ್ರಿಕಾ ಟ್ವಿನ್, ಅಂದರೆ ಸಿಆರ್‌ಎಫ್ 1000 ಎಲ್. ಹೋಂಡಾ ಅದನ್ನು 2017ರಲ್ಲಿ ಇಲ್ಲಿ ತಂದಾಗ ಡಿಸಿಟಿ, ಅಂದರೆ ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸ್ ಮಾತ್ರ ಕೊಟ್ಟಿತ್ತು. ಕ್ಲಚ್ ಲಿವರ್ರೇ ಇಲ್ಲ. ಮೊದಮೊದಲು ಎಡಗೈ ಸುಮ್ನೆ ಗಾಳಿಯಲ್ಲಿ ಹುಡುಕಾಡುತ್ತದೆ. ಆಮೇಲೆ ಶಿರಾಡಿಯಲ್ಲಿ ಟ್ಯಾಂಕರ್‌ಗಳ ಸಾಲಿನ ಹಿಂದೆ ತೆವಳುವಾಗ ಇದರ ಬೆಲೆ ಗೊತ್ತಾಗುತ್ತದೆ. ಏರಿನಲ್ಲಿ ಇಂಜಿನ್ ಆಫ್ ಆಗುವ ಭಯವೇ ಇಲ್ಲ. ಬೈಕ್ ಬೀಳುವುದು ಬಹಳ ಸಲ ಹಾಗೇ ತಾನೆ? ತಿರುವಿನಲ್ಲಿ ನಿಧಾನಕ್ಕೆ ಹೋಗ್ತಾ ಇರುವಾಗ ಇಂಜಿನ್ ಆಫ್ ಆಗಿ.

ಆದರೆ ಯೂ ಟರ್ನ್ ಹೊಸದಾಗಿ ಕಲಿಯಬೇಕು. ಕ್ಲಚ್ ಇಲ್ಲದ ಕಾರಣ ಹಿಂದಿನ ಬ್ರೇಕ್ ಸ್ವಲ್ಪ ಒತ್ತಿ ಹಿಡಿದು ತಿರುಗಿಸಬೇಕು. ಸ್ಪೋಕ್ ಚಕ್ರದಲ್ಲಿ ಟ್ಯೂಬ್ ಇದೆ. ಚಾರ್ಮಾಡಿಯಲ್ಲಿ ಮಳೆ ಸುರಿಯುವಾಗ 240 ಕೆಜಿ ಬೈಕಿನ ಹಿಂದಿನ ಚಕ್ರ ಬಿಚ್ಚುವುದು ಹೇಗೆ ಅಂತ ಈಗಲೇ ಯೋಚನೆ ಮಾಡಿ. ಟ್ಯೂಬ್‌ಲೆಸ್ ಆದರೆ ಒಂದು ಪ್ಲಗ್ ಚುಚ್ಚಿ, ಗಾಳಿ ತುಂಬಿ ಹೋಗಬಹುದು. ನಂತರ ಬಂದ 1100 ಅಡ್ವೆಂಚರ್ ಸ್ಪೋರ್ಟ್ಸ್‌ನಲ್ಲಿ ಸ್ಪೋಕ್ ಇದ್ದೂ ಟ್ಯೂಬ್‌ಲೆಸ್ ಕೊಟ್ಟಿದ್ದಾರೆ. ಹಳೆಯದು ಹುಡುಕುವುದಾದರೆ ಅದನ್ನೇ ಹುಡುಕಿ. ವಿ-ಸ್ಟ್ರಾಮ್ 800 ಡಿಇಯಲ್ಲೂ ಟ್ಯೂಬೇ ಇರುವುದು, ನೆನಪಿರಲಿ.

ಸ್ಪ್ಯಾನರ್_13

ನನ್ನದು ಬೆಂಗಳೂರಲ್ಲಿ ಸಣ್ಣ ಗ್ಯಾರೇಜ್. ದೊಡ್ಡ ಬೈಕ್‌ಗಳು ಬರುತ್ತವೆ. ಗಿರಾಕಿಗಳು ಕೊಳ್ಳುವ ಮುಂಚೆ ಕೇಳದೆ, ಕೊಂಡ ಮೇಲೆ ಕೇಳುವ ವಿಷಯಗಳು ಕೆಲವು ಇವೆ.

ಒಂದು, ಹಿಂದಿನ ಚಕ್ರ ತಿರುಗಿಸುವುದು ಚೈನೋ ಶಾಫ್ಟೋ. ಜಿಎಸ್ ಮತ್ತು ಟೈಗರ್ 1200ರಲ್ಲಿ ಶಾಫ್ಟ್. ಆಯಿಲ್ ಬದಲಿಸಿಕೊಂಡು ಇದ್ದರೆ ದಿನಾ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಟೈಗರ್ 900, ವಿ-ಸ್ಟ್ರಾಮ್, ಆಫ್ರಿಕಾ ಟ್ವಿನ್, ಡುಕಾಟಿಯ ಮಲ್ಟಿಸ್ಟ್ರಾಡಾ ಎಲ್ಲದರಲ್ಲೂ ಚೈನ್. ಸುಮಾರು 500 ಕಿ.ಮೀ.ಗೆ ಒಮ್ಮೆ ಲೂಬ್, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ. ಮಲೆನಾಡಿನ ಜುಲೈ ತಿಂಗಳಲ್ಲಿ ಇದು ದೊಡ್ಡ ರಗಳೆ. ಆದರೆ ಚೈನ್ ಹೋದರೆ ದಾರಿಯಲ್ಲೇ ಹೇಗಾದರೂ ಸರಿ ಮಾಡಬಹುದು. ಶಾಫ್ಟ್ ಕೆಟ್ಟರೆ ಬೈಕ್ ಲಾರಿ ಹತ್ತಬೇಕು.

ಎರಡು, ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್‌ಗಳ ಸಂದು ಅಳೆದು ಸರಿ ಮಾಡುವ ಕೆಲಸ. ಇಂಥ ಇಂಜಿನ್‌ಗಳಲ್ಲಿ ಖರ್ಚಾಗುವುದು ಪಾರ್ಟ್ಸ್‌ಗಲ್ಲ, ಬಿಚ್ಚುವ ಕೂಲಿಗೆ. ಜಿಎಸ್‌ನ ಬಾಕ್ಸರ್ ಇಂಜಿನ್‌ನಲ್ಲಿ ಸಿಲಿಂಡರ್ ಎರಡೂ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಕವರ್ ತೆಗೆದರೆ ವಾಲ್ವ್ ಕೈಗೆ ಸಿಗುತ್ತದೆ. ಮಲ್ಟಿಸ್ಟ್ರಾಡಾ ವಿ4ನಲ್ಲಿ ಡುಕಾಟಿ ತನ್ನ ಹಳೇ ಡೆಸ್ಮೋ (ಸ್ಪ್ರಿಂಗ್ ಇಲ್ಲದೆ ವಾಲ್ವ್ ಮುಚ್ಚುವ ವ್ಯವಸ್ಥೆ) ಬಿಟ್ಟು ಸ್ಪ್ರಿಂಗ್ ಹಾಕಿತು. ಚೆಕ್ ಮಾಡುವುದು 60,000 ಕಿ.ಮೀ.ಗೆ ಒಮ್ಮೆ. ಹಾರ್ಲಿ ಪ್ಯಾನ್ ಅಮೆರಿಕದಲ್ಲಿ ಸಂದನ್ನು ತಾನೇ ಸರಿ ಮಾಡಿಕೊಳ್ಳುವ ಹೈಡ್ರಾಲಿಕ್ ಇರುವುದರಿಂದ ಆ ಕೆಲಸವೇ ಇಲ್ಲ.

ಮೂರು, ಪೆಟ್ರೋಲ್. 1300 ಜಿಎಸ್‌ನ ಕಂಪ್ರೆಶನ್ 13.3ಕ್ಕೆ 1. ಅದಕ್ಕೆ 95 ಆಕ್ಟೇನ್ ಹಾಕುವುದೇ ಸರಿ. ಊರೊಳಗಿನ ಬಂಕ್‌ನಲ್ಲಿ 95 ಸಿಗುತ್ತದಾ ಅಂತ ವಿಚಾರಿಸಿಕೊಳ್ಳಿ. 1100 ಆಫ್ರಿಕಾ ಟ್ವಿನ್‌ದು 10.1ಕ್ಕೆ 1, ಮಾಮೂಲಿ ಪೆಟ್ರೋಲ್‌ನಲ್ಲಿ ಆರಾಮಾಗಿ ಓಡುತ್ತದೆ. ಹಳೇ ಬೈಕ್ ಆದರೆ ಇ20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಹಾಕಬಹುದಾ ಅಂತ ಮ್ಯಾನ್ಯುಯಲ್ ನೋಡಿ.

ನಾಲ್ಕು, ಟೈರ್. ಹೊಸ ಟೈರ್‌ಗಳ ಆಮದಿಗೆ 2020ರ ಜೂನ್‌ನಿಂದ ಲೈಸೆನ್ಸ್ ಬೇಕು. ಅಲ್ಲಿಂದ ಈಚೆಗೆ ಬೇಕಾದ ಸೈಜು, ಬೇಕಾದ ಪ್ಯಾಟರ್ನ್ ಬೇಕಾದಾಗ ಸಿಗುತ್ತದೆ ಅನ್ನುವ ನೆಚ್ಚಿಕೆ ಬೇಡ. ಮಳೆಗಾಲಕ್ಕೆ ಮುಂಚೆಯೇ ತಗೊಂಡು ಇಟ್ಟುಕೊಳ್ಳಿ.

ಐದಡಿ_ಮೂರಿಂಚು

ಸೀಟ್ ಎತ್ತರದ ಬಗ್ಗೆ ಯಾರೂ ಮಾತಾಡಿಲ್ಲ, ಹಾಗಾಗಿ ನಾನು ಬಂದೆ. ಹೆಸರಲ್ಲೇ ಇದೆ ನನ್ನ ಎತ್ತರ. ಓಡಿಸುವುದು ಟೈಗರ್ 900 ಜಿಟಿ.

ತುಂಗಾ ಸರ್, ನೀವು ಬರೆದಿರುವ ರ‍್ಯಾಲಿ ಪ್ರೊ ಸೀಟ್ 860 ಮಿ.ಮೀ., ಎತ್ತರಿಸಿದರೆ 880. ನನ್ನ ಜಿಟಿ 820. ಕಾಗದದಲ್ಲಿ ನಾಲ್ಕು ಬೆರಳಿನಷ್ಟು ವ್ಯತ್ಯಾಸವೂ ಇಲ್ಲ. ಸಿಗ್ನಲ್‌ನಲ್ಲಿ ಕಾಲು ಇಟ್ಟಾಗ ಅಲ್ಲೊಂದು ಗುಂಡಿ ಇದ್ದರೆ ಅದು ದೊಡ್ಡ ವ್ಯತ್ಯಾಸ. ಬರೀ ನಂಬರ್ ನೋಡಬೇಡಿ, ಸೀಟಿನ ಅಗಲವನ್ನೂ ನೋಡಿ. ಅಗಲ ಸೀಟ್ ಆದರೆ ತೊಡೆ ಹರಡುತ್ತದೆ, ಕಾಲು ಮೋಟಾಗುತ್ತದೆ. ಎರಡೂ ಕಾಲು ಊರಬೇಕು ಅಂತ ಹಟ ಬೇಡ. ಸೀಟಿಂದ ಸ್ವಲ್ಪ ಪಕ್ಕಕ್ಕೆ ಜಾರಿ ಎಡಗಾಲು ಪೂರ್ತಿ ಇಡುವುದು ಅಭ್ಯಾಸವಾದರೆ ಸಾಕು.

ಬೈಕ್ ಎತ್ತರ ಇಳಿಸಲು ಹಿಂದಿನ ಸಸ್ಪೆನ್ಶನ್‌ಗೆ ಲೋವರಿಂಗ್ ಲಿಂಕ್ ಹಾಕಿಸಬೇಡಿ. ಹಿಂಬದಿ ಒಂದೇ ಇಳಿದರೆ ಹ್ಯಾಂಡ್ಲಿಂಗ್ ಕೆಡುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕ್ ನೆಟ್ಟಗೆ ನಿಲ್ಲುತ್ತದೆ, ಗಾಳಿ ಬೀಸಿದರೂ ಆ ಕಡೆ ಮಗುಚುತ್ತದೆ. ಲೋ ಸೀಟ್ ಹಾಕಿ, ದಪ್ಪ ಸೋಲ್ ಇರುವ ಬೂಟ್ ಹಾಕಿ. ದುಡ್ಡಿದ್ದರೆ 1300 ಜಿಎಸ್‌ನಲ್ಲಿ ನಿಂತಾಗ ತಾನೇ 30 ಮಿ.ಮೀ. ಇಳಿಯುವ ವ್ಯವಸ್ಥೆ ಇದೆ, ಆಪ್ಷನ್ ಆಗಿ. ಆದರೆ ಓಡಿಸುವವರ ಕಾಲು ಉದ್ದ ಇಲ್ಲ ಅಂತ ಲಕ್ಷಗಟ್ಟಲೆ ಕೊಡುವುದಾ, ನೀವೇ ನಿರ್ಧಾರ ಮಾಡಿ.

ಇನ್ನೊಂದು ವಿಷಯ. ಹಿಂದೆ ಕೂರುವವರನ್ನು ಕೇಳಿದ್ದೀರಾ? ರ‍್ಯಾಲಿ ಪ್ರೊಗೆ ಬಾಕ್ಸ್ ಕಟ್ಟಿದ ಮೇಲೆ ಹತ್ತುವುದು ಅಂದರೆ ಗೋಡೆ ಹತ್ತಿದ ಹಾಗೆ. ಮೇಡಂ ಸೀರೆಯಲ್ಲೋ ಚೂಡಿದಾರದಲ್ಲೋ ಮದುವೆಗೆ ಹೊರಟರೆ ನಿಮ್ಮ ಗತಿ ಏನು? ಹಿಂದಿನವರ ಸುಖಕ್ಕೆ ಜಿಎಸ್ ನಿಜವಾಗಲೂ ಒಂದು ಕೈ ಮೇಲೆ. ಅದು ಒಪ್ಪುತ್ತೇನೆ.

ಇಂಜಿನ್ ಬಗ್ಗೆ: 888 ಸಿಸಿ, ಮೂರು ಸಿಲಿಂಡರ್, 108 ಪಿಎಸ್. ಟಿ-ಪ್ಲೇನ್ ಕ್ರ್ಯಾಂಕ್ ಇರುವುದರಿಂದ ಹಳೇ ಟೈಗರ್ 800ರ ಬೆಣ್ಣೆಯಂಥ ನಯ ಇದಕ್ಕಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಟ್ವಿನ್ ಥರ ಗುಡುಗುಡು ಅನ್ನುತ್ತದೆ. ಮಣ್ಣಿನಲ್ಲಿ ಅದೇ ಒಳ್ಳೇದು, ಚಕ್ರ ಎಷ್ಟು ಹಿಡಿಯುತ್ತಿದೆ ಅಂತ ತಿಳಿಯುತ್ತದೆ. ದಿನವಿಡೀ ಹೈವೇ ಓಡಿದರೆ ಕೈಗೆ ಸ್ವಲ್ಪ ಕಂಪನ ಬರುತ್ತದೆ.

ಮ್ಯೂನಿಕ್_ಮಂಡ್ಯ

ಊರು ಮಂಡ್ಯ, ಇರುವುದು ಮ್ಯೂನಿಕ್‌ನಲ್ಲಿ. ಓಡಿಸುವುದು ಆರ್ 1250 ಜಿಎಸ್.

ಇಲ್ಲಿ ಜಿಎಸ್ ಅಂದರೆ ನಮ್ಮ ಕಡೆ ಬುಲೆಟ್ ಇದ್ದ ಹಾಗೆ, ಎಲ್ಲಿ ನೋಡಿದರೂ ಅದೇ. 1980ರ ಆರ್ 80 ಜಿ/ಎಸ್‌ನಿಂದ ಶುರುವಾದ ಕಥೆ ಅದು. ಬರ್ಲಿನ್‌ನ ಸ್ಪಾಂಡೌ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಬೇಸಿಗೆಯ ವಾರಾಂತ್ಯದಲ್ಲಿ ಇಟಲಿಯ ಸ್ಟೆಲ್ವಿಯೋ ಪಾಸ್ ಘಾಟಿ ಹತ್ತುವಾಗ ಸಾಲಾಗಿ ಇವೇ ಕಾಣುತ್ತವೆ. ಪ್ರಾಟೊ ಊರಿನ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್, ಎತ್ತರ 2,757 ಮೀಟರ್. ಟೆಲಿಲಿವರ್ ಸಸ್ಪೆನ್ಶನ್ ಇರುವುದರಿಂದ ಬ್ರೇಕ್ ಹಿಡಿದರೂ ಮೂತಿ ಕೆಳಗೆ ಮುಳುಗುವುದಿಲ್ಲ. ಭಾರ ಎಲ್ಲಾ ಕೆಳಗಿದೆ. 249 ಕೆಜಿ ಬೈಕ್ ಚಲಿಸಿದ ತಕ್ಷಣ ಅರ್ಧ ತೂಕ ಮಾಯವಾದಂತೆ ಅನಿಸುತ್ತದೆ. ಇಡೀ ದಿನ ಓಡಿಸಿ ಇಳಿದರೂ ಬೆನ್ನು ನೋವಿಲ್ಲ. 1300ರಲ್ಲಿ ಗೇರ್‌ಬಾಕ್ಸ್ ಇಂಜಿನ್ ಕೆಳಗೆ ಹೋಗಿದೆ, ತೂಕ 237ಕ್ಕೆ ಇಳಿದಿದೆ, ಟಾರ್ಕ್ 149 ಎನ್‌ಎಂ.

ಇಷ್ಟೆಲ್ಲಾ ಹೊಗಳಿದ ಮೇಲೂ ಊರಿಗೆ ವಾಪಸ್ ಬಂದರೆ ಜಿಎಸ್ ತಗೊಳ್ಳುತ್ತೀಯಾ ಅಂತ ಕೇಳಿದರೆ, ಇಲ್ಲ ಅಂತೀನಿ. ಆ ಸಿಲಿಂಡರ್ ಎರಡೂ ಪಕ್ಕಕ್ಕೆ ಚಾಚಿವೆ. ಅದರ ಹಿಂದೆ ಅಲ್ಯೂಮಿನಿಯಂ ಬಾಕ್ಸ್ ಅದಕ್ಕಿಂತ ಅಗಲ. ಇಲ್ಲಿ ಪಕ್ಕದ ಕಾರು ಒಂದು ಮೀಟರ್ ಬಿಟ್ಟು ನಿಲ್ಲುತ್ತದೆ. ನಮ್ಮಲ್ಲಿ ಸಿಲ್ಕ್ ಬೋರ್ಡ್‌ನಲ್ಲಿ ಒಂದು ಮೀಟರ್ ಬಿಟ್ಟರೆ ಅಲ್ಲಿ ಎರಡು ಸ್ಕೂಟರ್ ಬಂದು ನಿಂತಿರುತ್ತವೆ.

ಇನ್ನೊಂದು ಮಾತು. ಇಲ್ಲಿ 18 ವರ್ಷಕ್ಕೆ ಎ2 ಲೈಸೆನ್ಸ್ ಕೊಡುತ್ತಾರೆ, 35 ಕಿಲೋವ್ಯಾಟ್ ಮಿತಿ. ಎರಡು ವರ್ಷ ಆದ ಮೇಲೆ ಇನ್ನೊಂದು ಪರೀಕ್ಷೆ ಪಾಸಾದರೆ ದೊಡ್ಡ ಬೈಕ್. ನಮ್ಮಲ್ಲಿ ಸ್ಪ್ಲೆಂಡರ್‌ನಲ್ಲಿ ಎಂಟು ಹಾಕಿ ತಗೊಂಡ ಲೈಸೆನ್ಸ್‌ನಲ್ಲೇ 170 ಎಚ್‌ಪಿ ಮಲ್ಟಿಸ್ಟ್ರಾಡಾ ಓಡಿಸಬಹುದು. ಸರ್ಕಾರ ತಡೆಯಲ್ಲ ಅಂದ ಮಾತ್ರಕ್ಕೆ ಹಾರುವುದು ಬೇಡ. 40 ಎಚ್‌ಪಿಯಿಂದ 145ಕ್ಕೆ ನೇರ ಜಿಗಿತ ನನಗಂತೂ ಸರಿ ಕಾಣಲ್ಲ.

ಕಾಫಿ_ಘಾಟಿ

ಸಕಲೇಶಪುರದ ಕಡೆ ನಮ್ಮ ತೋಟ. ಇಲ್ಲಿಗೆ ವಾರಾಂತ್ಯಕ್ಕೆ ಬರುವ ದೊಡ್ಡ ಬೈಕ್‌ಗಳನ್ನು ನೋಡುತ್ತಾ ಇರುತ್ತೇನೆ. ಎತ್ತುವುದಕ್ಕೂ ನಮ್ಮ ಆಳುಗಳೇ ಹೋಗಬೇಕು.

ಜೂನ್ ಮಳೆ ಬಿದ್ದ ಮೇಲೆ ನಮ್ಮ ಕೆಂಪು ಮಣ್ಣು ಹೇಗಿರುತ್ತದೆ ಅಂತ ಮಲೆನಾಡಿನವರಾದ ನಿಮಗೆ ಹೇಳಬೇಕಾಗಿಲ್ಲ. ಮೇಲೆ ಒಂದು ಪದರ ಲೋಳೆ, ಕೆಳಗೆ ಗಟ್ಟಿ. ಅದರ ಮೇಲೆ 19 ಇಂಚಿನ ರಸ್ತೆ ಟೈರ್ ಹಾಕಿದ 240 ಕೆಜಿ ಬೈಕ್ ಇಳಿಜಾರಲ್ಲಿ ನಿಲ್ಲುವುದೇ ಇಲ್ಲ. ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್, ಎಂಡ್ಯೂರೋ ಮೋಡ್ ಎಲ್ಲಾ ಇರಲಿ. ಟೈರಿಗೆ ಹಿಡಿತ ಇಲ್ಲ ಅಂದಮೇಲೆ ಕಂಪ್ಯೂಟರ್ ಏನು ಮಾಡುತ್ತದೆ? ಟಿಕೆಸಿ 80 ಥರದ ಗುಬುಟು ಟೈರ್ ಹಾಕಿದರೆ ಪರವಾಗಿಲ್ಲ. ಆದರೆ ಅದು ಹೈವೇಯಲ್ಲಿ ಬೇಗ ಸವೆಯುತ್ತದೆ, ಸದ್ದೂ ಜಾಸ್ತಿ.

ಬಿದ್ದ ಬೈಕ್ ಎತ್ತುವುದನ್ನು ಶೋರೂಂನಲ್ಲಿ ಯಾರೂ ಕಲಿಸಲ್ಲ. ಗೇರ್ ಹಾಕಿ, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಕ್ಕೆ ಚಾಚಿಡಿ. ಬೈಕ್‌ಗೆ ಬೆನ್ನು ಕೊಟ್ಟು ಸೀಟಿಗೆ ಒರಗಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ರ‍್ಯಾಕ್ ಹಿಡಿದು ಕಾಲಿನ ಬಲದಲ್ಲಿ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ. ಒಣ ಟಾರಿನ ಮೇಲೆ ಇದು ಆಗುತ್ತದೆ. ಕೆಸರಲ್ಲಿ ಕಾಲೇ ಜಾರುತ್ತದೆ. ಹಾಗಾಗಿ ದೊಡ್ಡ ಬೈಕಲ್ಲಿ ಕಾಡು ದಾರಿಗೆ ಒಬ್ಬರೇ ಹೋಗಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಮೊದಲು ಟ್ರೈನಿಂಗ್‌ಗೆ ಮಾಡಿ. ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರು ಕೋಲಾರದ ಹತ್ತಿರ ಬಿಗ್‌ರಾಕ್ ಅಂತ ಆಫ್ ರೋಡ್ ಶಾಲೆ ಶುರು ಮಾಡಿದರು. ಅಂಥ ಕಡೆ ಅವರ ಚಿಕ್ಕ ಬೈಕಲ್ಲೇ ಬಿದ್ದು ಎದ್ದು ಕಲಿಯಿರಿ.

ಹುಬ್ಳಿ_ಹೈವೇ

ಕಾಫಿ ಸರ್ ಹೇಳಿದ್ದು ಕೇಳಿ ಖುಷಿ ಆಯಿತು. ಸರ್ವಿಸ್ ಬಗ್ಗೆ ಒಂದು ಸೇರಿಸುತ್ತೇನೆ. ನನ್ನ ಬೈಕಿನ ಕಂಪನಿ ಹೆಸರು ಬೇಡ. ಒಂದು ಸಣ್ಣ ಸೆನ್ಸರ್ ಹೋಯಿತು. ನಮ್ಮ ಊರಲ್ಲಿ ಸರ್ವಿಸ್ ಸೆಂಟರ್ ಇಲ್ಲ, 400 ಕಿ.ಮೀ. ದೂರ ಬೆಂಗಳೂರಿಗೆ ಕಳಿಸಬೇಕಾಯಿತು. ಪಾರ್ಟ್ ಹೊರದೇಶದಿಂದ ಬರಬೇಕು ಅಂದರು. ಬೈಕ್ ಒಂದು ಸೀಸನ್ ಅಲ್ಲೇ ಧೂಳು ತಿಂದಿತು. ತೀರ್ಥಹಳ್ಳಿಯಲ್ಲಿ ಬೈಕ್ ನಿಂತರೆ ಏನು ಮಾಡುತ್ತೀರಿ ಅಂತ ಕೊಳ್ಳುವ ಮುಂಚೆ ಯೋಚಿಸಿ. ಟೋಯಿಂಗ್ ಸೇವೆ ಎಷ್ಟು ಕಿ.ಮೀ.ವರೆಗೆ ಅಂತ ಲಿಖಿತವಾಗಿ ಕೇಳಿ.

ತುಂಗಾ_ತೀರ

ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೆ ಐದಡಿ ಮೇಡಂ ಬರೆದದ್ದು ಓದಿ ತೋರಿಸಿದೆ. ಈಗ ಮನೆಯಲ್ಲಿ ಅವರ ಮಾತೇ ವೇದವಾಕ್ಯ.

ಆದರೂ ಒಂದು ಅನುಮಾನ. ಲಡಾಖ್‌ಗೆ ದೊಡ್ಡ ಇಂಜಿನ್, 30 ಲೀಟರ್ ಟ್ಯಾಂಕ್ ಇರಲೇಬೇಕು ಅಂತಾರಲ್ಲ, ನಿಜಾನಾ?

ಕುಡ್ಲ_ಟ್ವಿನ್

ಟ್ಯಾಂಕ್ ವಿಷಯ ಅರ್ಧ ನಿಜ. ತಾಂಡಿ ಬಂಕ್‌ನಲ್ಲಿ ‘ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ.’ ಅಂತ ಇದ್ದ ಬೋರ್ಡ್ ಫೋಟೋ ಎಲ್ಲರೂ ನೋಡಿರುತ್ತೀರಿ. 20 ಲೀಟರ್ ಟ್ಯಾಂಕ್, ಲೀಟರಿಗೆ 20 ಕಿ.ಮೀ. ಅಂದರೂ 400 ಆಯಿತು. ಹೆಚ್ಚಿಗೆ ಐದು ಲೀಟರ್ ಕ್ಯಾನ್‌ನಲ್ಲಿ ಇಟ್ಟುಕೊಂಡರೆ ನೆಮ್ಮದಿ. ಜಿಎಸ್ ಅಡ್ವೆಂಚರ್‌ನ 30 ಲೀಟರ್ ಟ್ಯಾಂಕ್ ತುಂಬಿದರೆ ಬೈಕ್ 269 ಕೆಜಿ ಆಗುತ್ತದೆ. ಒಂದು ಪ್ರವಾಸಕ್ಕೋಸ್ಕರ ಆ ಭಾರ ವರ್ಷವಿಡೀ ಹೊರುವುದು ಯಾಕೆ?

ಇಂಜಿನ್ ವಿಷಯದಲ್ಲಿ ಮಾತ್ರ ದೊಡ್ಡದಕ್ಕೆ ಲಾಭ ಇದೆ. ಉಮ್ಲಿಂಗ್ ಲಾ 19,024 ಅಡಿ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ಟರ್ಬೊ ಇಲ್ಲದ ಯಾವ ಇಂಜಿನ್ ಆದರೂ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಿಮಾಲಯನ್‌ನ 40 ಅಲ್ಲಿ 20ರ ಹತ್ತಿರ. ಇಬ್ಬರು, ಜೊತೆಗೆ ಲಗೇಜು. ಹತ್ತುತ್ತದೆ, ಆದರೆ ಒಂದನೇ ಗೇರಲ್ಲಿ ಕೂಗಿಕೊಂಡು. ಟೈಗರ್‌ಗೂ ಅರ್ಧ ಆಗುತ್ತದೆ, ಆದರೆ ಅದರ ಅರ್ಧ ಅಂದರೆ 50ರ ಮೇಲೆ.

ಐದಡಿ_ಮೂರಿಂಚು

ಅದೇ ನಾನೂ ಹೇಳುವುದು. 800–900 ಸಿಸಿಯಲ್ಲೇ ನಿಮ್ಮ ಲಾರಿ ಸಮಸ್ಯೆ ಮುಗಿಯುತ್ತದೆ. ವಿ-ಸ್ಟ್ರಾಮ್ 84 ಪಿಎಸ್, 78 ಎನ್‌ಎಂ. ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತದೆ, ಗೇರ್ ಇಳಿಸದೆ ಹಿಂದೆ ಹಾಕಬಹುದು. 2024ರಲ್ಲಿ 10.30 ಲಕ್ಷಕ್ಕೆ ಬಂತು. ಅದೇ ವರ್ಷ ರ‍್ಯಾಲಿ ಪ್ರೊ 15.95 ಇತ್ತು. ಈಗ ಬೆಲೆ ಬೇರೆ ಇರುತ್ತದೆ, ಆದರೆ ಅಂತರ ನೋಡಿ. ಟೈಗರ್‌ನಲ್ಲಿ ಎಲೆಕ್ಟ್ರಾನಿಕ್ಸ್, ಫಿನಿಶಿಂಗ್ ಚೆನ್ನಾಗಿದೆ. ನನ್ನ ಗಾಡಿ ಅಂತ ಹೇಳುತ್ತಿಲ್ಲ. ಸರಿ, ಸ್ವಲ್ಪ ಅದಕ್ಕೇ ಹೇಳುತ್ತಿದ್ದೇನೆ.

ಟೆಸ್ಟ್ ರೈಡ್‌ಗೆ ಮೇಡಂನ ಕರೆದುಕೊಂಡು ಹೋಗಿ. ಶೋರೂಂನವರು ಅಗಲ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ, ಅದರಿಂದ ಏನೂ ತಿಳಿಯಲ್ಲ. ಅವರನ್ನು ಕೂರಿಸಿಕೊಂಡು ಕಿರಿದಾದ ರಸ್ತೆಯಲ್ಲಿ ಯೂ ಟರ್ನ್ ಹಾಕಿ. ಬೇಸ್‌ಮೆಂಟ್ ಇಳಿಜಾರಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಇಂಜಿನ್ ಆಫ್ ಮಾಡಿ ಹಿಂದಕ್ಕೆ ತಳ್ಳಿ ನೋಡಿ.

ಮ್ಯೂನಿಕ್_ಮಂಡ್ಯ

ಬಿಸಿ ಗಾಳಿಯನ್ನೂ ನೋಡಿ. ಟ್ರಾಫಿಕ್‌ನಲ್ಲಿ ರೇಡಿಯೇಟರ್ ಫ್ಯಾನ್ ಶುರುವಾದಾಗ ಗಾಳಿ ಎಲ್ಲಿಗೆ ಬರುತ್ತದೆ ಅಂತ. ಮಲ್ಟಿಸ್ಟ್ರಾಡಾ ವಿ4 ನಿಂತಾಗ ಹಿಂದಿನ ಎರಡು ಸಿಲಿಂಡರ್ ಆಫ್ ಮಾಡುವುದು ತೊಡೆ ಸುಡಬಾರದು ಅಂತಲೇ. ಮಧ್ಯಾಹ್ನ ಎರಡು ಗಂಟೆಗೆ ಟೆಸ್ಟ್ ರೈಡ್ ಕೇಳಿ, ಬೆಳಿಗ್ಗೆ ಬೇಡ.

ತುಂಗಾ_ತೀರ

1300 ಜಿಎಸ್ ಪಟ್ಟಿಯಿಂದ ತೆಗೆದೆ. ಟೈಗರ್ ಜಿಟಿ, ವಿ-ಸ್ಟ್ರಾಮ್ ಎರಡನ್ನೂ ಶನಿವಾರ ಮಧ್ಯಾಹ್ನ ಓಡಿಸಿ ನೋಡುತ್ತೇವೆ. ರ‍್ಯಾಲಿ ಪ್ರೊ ಹತ್ತಲ್ಲ ಅಂತ ಮನೆಯವರು ಫೋಟೋ ನೋಡಿಯೇ ಹೇಳಿಬಿಟ್ಟರು.

ಜೊತೆಗೆ ಒಂದು 1100 ಅಡ್ವೆಂಚರ್ ಸ್ಪೋರ್ಟ್ಸ್ ಸಿಕ್ಕಿದೆ, ಮಹಾರಾಷ್ಟ್ರ ರಿಜಿಸ್ಟ್ರೇಶನ್. ಬೆಲೆ ಆಸೆ ಹುಟ್ಟಿಸುವ ಹಾಗಿದೆ. ಸ್ಪ್ಯಾನರ್ ಅಣ್ಣ, ಏನೇನು ನೋಡಬೇಕು?

ಸ್ಪ್ಯಾನರ್_13

ಮೊದಲು ಬೆಲೆ ಮರೆತುಬಿಡಿ. ಬೇರೆ ರಾಜ್ಯದ ಬೈಕ್ ಅಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು. ಅಲ್ಲಿ ಕಟ್ಟಿದ್ದನ್ನು ವಾಪಸ್ ಪಡೆಯುವುದು ಬೇರೆಯೇ ಅಲೆದಾಟ. ಅದೆಲ್ಲಾ ಸೇರಿಸಿ ಲೆಕ್ಕ ಹಾಕಿ.

ಬೈಕ್ ಹತ್ತಿರ ಹೋದರೆ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಡುವಲ್ಲಿ ತಡೆದ ಹಾಗಾದರೆ ಬೇರಿಂಗ್ ಹೋಗಿದೆ. ಸ್ಪೋಕ್‌ಗಳನ್ನು ಒಂದೊಂದಾಗಿ ಸ್ಪ್ಯಾನರ್‌ನಿಂದ ತಟ್ಟಿ, ಸಡಿಲ ಇದ್ದರೆ ಸದ್ದು ಬೇರೆ ಬರುತ್ತದೆ. ರಿಮ್ ಅಂಚಿಗೆ ಬೆರಳು ಓಡಿಸಿ, ನೆಗ್ಗು ಇದ್ದರೆ ಟ್ಯೂಬ್‌ಲೆಸ್ ಗಾಳಿ ನಿಲ್ಲಲ್ಲ. ಫೋರ್ಕ್ ಸೀಲ್ ಹತ್ತಿರ ಎಣ್ಣೆ ಜಿನುಗಿದೆಯಾ ನೋಡಿ. ಕ್ರ್ಯಾಶ್ ಗಾರ್ಡ್ ಹೊಸದಾಗಿ ಹೊಳೆಯುತ್ತಿದ್ದರೆ ಹಳೆಯದು ಏನಾಯಿತು ಅಂತ ಕೇಳಿ.

ಡಿಸಿಟಿ ಆದರೆ ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀವು ಬರುವ ಮುಂಚೆ ಬಿಸಿ ಮಾಡಿ ಇಟ್ಟಿದ್ದರೆ ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಚಾಸಿ ನಂಬರ್ ಸಿಕ್ಕರೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ರೀಕಾಲ್ ಬಾಕಿ ಇದೆಯಾ, ಸರ್ವಿಸ್ ಎಲ್ಲಾ ಆಗಿದೆಯಾ ವಿಚಾರಿಸಿ. ಶುಕ್ರವಾರ ಸಂಜೆಯೊಳಗೆ ನಂಬರ್ ಕಳಿಸಿದರೆ ನಾನೂ ಕೇಳಿಸಿ ಹೇಳುತ್ತೇನೆ.